ಸಾರಿಸಿದ ಗುಂಡಿ

ಸೆಗಣಿ ಸಾರಿಸಿದ ನೆಲದ ವಾಸನೆ ಬಂದರೆ ಉಳಿದವರಿಗೆ ಹಬ್ಬ ನೆನಪಾಗುತ್ತದೆ. ನನಗೆ ನೆನಪಾಗುವುದು ಒಂದು ಗುಂಡಿ. ನವಲಗುಂದ ತಾಲೂಕಿನಲ್ಲಿ, ಮೊರಬದಿಂದ ಒಳಗೆ ಹೋದರೆ ಸಿಗುವ ಸಣ್ಣ ಹಳ್ಳಿಯೊಂದರ ಹೊಲದಲ್ಲಿ ತೋಡಿಸಿದ್ದ ಆಳೆತ್ತರದ ಗುಂಡಿ. ಕಳೆದ ತಿಂಗಳು ಧಾರವಾಡದಲ್ಲಿ ನಾನು ಬಾಡಿಗೆಗಿರುವ ಮನೆಯವರು ಪೂಜೆಗೆಂದು ಹಿತ್ತಲನ್ನು ಸಾರಿಸಿದ್ದರು. ಕಚೇರಿಗೆ ಹೊರಟವಳು ಮೆಟ್ಟಿಲ ಮೇಲೆಯೇ ನಿಂತು ಒಬ್ಬಳೇ ನಕ್ಕೆ. "ಏನಾತ್ರಿ ಬಾಯಾರ?" ಎಂದು ಮನೆಯ ಯಜಮಾನಿ ಕೇಳಿದರು. ಏನೆಂದು ಹೇಳುವುದು? ಹೊಲದ ಗುಂಡಿಯನ್ನು ಒಳಗಿನಿಂದ ಸಾರಿಸಿ, ದಂಡೆಗೆ ರಂಗೋಲಿ ಹಾಕಿದ ಹೆಂಗಸಿನ ಕತೆ ಹೇಳಲು ಕೂತರೆ ಬಸ್ಸು ತಪ್ಪುತ್ತದೆ. ಏನಿಲ್ಲ ಎಂದು ಹೇಳಿ ಹೊರಟೆ.

ನನ್ನ ಕೆಲಸ ಮಣ್ಣಿನ ಸಮೀಕ್ಷೆ. ಊರೂರು ತಿರುಗಿ ಗುಂಡಿ ತೋಡಿಸುವುದು, ಒಳಗಿಳಿದು ಅದರ ಗೋಡೆಯ ಪದರಗಳನ್ನು ನೋಡುವುದು, ಈ ಮಣ್ಣು ಯಾವ ಜಾತಿಯದು, ನೀರು ಎಷ್ಟು ಹಿಡಿಯುತ್ತದೆ, ಏನನ್ನು ಬೆಳೆಯುತ್ತದೆ ಎಂದು ತೀರ್ಮಾನಿಸುವುದು. ಮನುಷ್ಯರಿಗಿರುವ ಹಾಗೆ ಮಣ್ಣಿಗೂ ಕುಲಗೋತ್ರವಿದೆ, ಮನೆತನವಿದೆ. ಕೊನೆಗೆ ಒಂದು ಹೆಸರನ್ನೂ ಇಡುತ್ತೇವೆ, ಹೆಚ್ಚಾಗಿ ಆ ಮಣ್ಣನ್ನು ಮೊದಲು ಗುರುತಿಸಿದ ಊರಿನ ಹೆಸರನ್ನೇ. ಕೇಳುವುದಕ್ಕೆ ಚೆನ್ನಾಗಿರುತ್ತದೆ. ಅದರ ಕಷ್ಟ ನನ್ನ ಮೊಣಕಾಲುಗಳಿಗೆ ಗೊತ್ತು. ವಯಸ್ಸು ಐವತ್ತಕ್ಕೆ ಹತ್ತಿರವಾಗಿದೆ, ಗುಂಡಿಗೆ ಇಳಿಯುವಾಗ ಈಗಲೂ ಇಳಿದುಬಿಡುತ್ತೇನೆ, ಹತ್ತುವಾಗ ಮಾತ್ರ ಯಾರಾದರೂ ಕೈ ಕೊಡಬೇಕು.

ನಾನು ಕುಮಟಾದ ಕಡೆಯವಳು. ಕೆಲಸ ಕಲಿತದ್ದೂ ಕರಾವಳಿಯ ಬಯಲಿನಲ್ಲೇ. ಅಲ್ಲಿಯ ದಂಡೆಯ ಉಸುಕು ಇದೆಯಲ್ಲ, ಅದಕ್ಕೆ ನಮ್ಮ ವರ್ಗೀಕರಣದಲ್ಲಿ ಎಂಟಿಸಾಲ್ ಎಂಬ ಹೆಸರು. ಇನ್ನೂ ಏನೂ ಆಗಿಲ್ಲದ, ಪದರ ಕಟ್ಟಲು ಪುರುಸೊತ್ತು ಸಿಗದ ಮಣ್ಣು ಎಂದು ಅರ್ಥ. ಒಂದು ಕಣಕ್ಕೆ ಇನ್ನೊಂದು ಕಣ ಅಂಟುವುದಿಲ್ಲ. ಎಷ್ಟು ಗೊಬ್ಬರ ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಎಲ್ಲ ನೀರಿನ ಜೊತೆ ಕೆಳಗಿಳಿದು ಹೋಗುತ್ತದೆ. ಅದರ ಹಿಂದೆ ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಬೂದು ಬಣ್ಣದ ಕೆಸರು, ಅಗೆದರೆ ಕೊಳೆತ ಮೊಟ್ಟೆಯ ನಾತ. ಇನ್ನೂ ಹಿಂದಕ್ಕೆ ಹೋದರೆ ಕೆಂಪು ಚಿರೆಕಲ್ಲಿನ ನೆಲ. ನೆಲವನ್ನೇ ಕಲ್ಲಾಗಿ ಕಡಿದು ಅದೇ ಜಾಗದಲ್ಲಿ ಮನೆ ಕಟ್ಟುತ್ತಾರೆ. ಆದ್ದರಿಂದ ನೆಲವೊಂದು ಮನೆಯನ್ನು ಬೇಡ ಎನ್ನಬಹುದು ಎಂಬ ವಿಚಾರ ನನಗೆ ಬಂದೇ ಇರಲಿಲ್ಲ. ಮಣ್ಣು ಎಂದರೆ ಸೋರುವುದು, ಕೊಚ್ಚಿಹೋಗುವುದು, ಇಷ್ಟೇ ನನ್ನ ಲೆಕ್ಕವಾಗಿತ್ತು.

ಆರೇಳು ವರ್ಷದ ಹಿಂದೆ ನನ್ನನ್ನು ಅಲ್ಲಿಂದ ಕಿತ್ತು ಈ ಎರೆಭೂಮಿಗೆ ಹಾಕಿದರು. ಅದೂ ನಡುಬೇಸಿಗೆಯಲ್ಲಿ. ಎರೆಮಣ್ಣನ್ನು ಬೇಸಿಗೆಯಲ್ಲೇ ನೋಡಬೇಕು, ಯಾಕೆಂದರೆ ಅದರ ಗುಣ ಒಣಗಿದಾಗಲೇ ಬಯಲಾಗುವುದು. ಕಡಲೆ, ಜೋಳ, ಕುಸುಬಿ ಎಲ್ಲ ತೆಗೆದಾದ ಮೇಲೆ ಕಣ್ಣು ಹಾಯುವ ತನಕ ಕರಿನೆಲ ಬಿದ್ದುಕೊಂಡಿತ್ತು. ಒಂದು ಮರದ ನೆರಳಿಲ್ಲ. ನೆಲದ ತುಂಬ ಬಿರುಕು, ಕೆಲವಂತೂ ಕೈ ಹಾಕಿದರೆ ಭುಜದ ತನಕ ಹೋಗುವಂಥವು. ಒಮ್ಮೆ ನನ್ನ ಸಣ್ಣ ಸುತ್ತಿಗೆ ಬಿರುಕಿನೊಳಗೆ ಬಿದ್ದು ಹೋಯಿತು, ಎಷ್ಟು ಕೆದಕಿದರೂ ಸಿಗಲಿಲ್ಲ. "ಬಿಡ್ರಿ ಬಾಯಾರ, ಮುಂದಿನ ಪೀಕಿನಾಗ ಹುಟ್ಟತೈತಿ" ಎಂದು ಜನ ನಕ್ಕರು. ನನಗೆ ನಗುವ ಶಕ್ತಿ ಇರಲಿಲ್ಲ. ಹತ್ತು ಗಂಟೆಗೇ ತಲೆ ಸುತ್ತುವ ಬಿಸಿಲು, ಕುಡಿದ ನೀರೆಲ್ಲ ಬೆವರಾಗುತ್ತಿತ್ತು. ವರ್ಗಾವಣೆ ಮಾಡಿದವರ ಮೇಲೆ, ನನ್ನ ಮೇಲೆ, ಆ ಕರಿಮಣ್ಣಿನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬರುತ್ತಿತ್ತು. ಸಿಟ್ಟು ಮಾಡಿಕೊಳ್ಳಲೂ ದಣಿವಾಗಿ ಸುಮ್ಮನಾಗುತ್ತಿದ್ದೆ.

ಸೂಟಿಯಲ್ಲಿ ಖಾಲಿ ಇದ್ದ ಶಾಲೆಯ ಒಂದು ಕೋಣೆಯನ್ನು ನನಗೆ ಕೊಟ್ಟಿದ್ದರು. ಊಟ ಗಂಗವ್ವನದು. ಆಕೆ ಶಾಲೆಯ ಬಿಸಿಯೂಟದ ಅಡಿಗೆಯವಳು, ನನ್ನದೇ ವಯಸ್ಸು, ಗಟ್ಟಿ ಮೈ, ಗಟ್ಟಿ ದನಿ. ಸೂಟಿಯಲ್ಲಿ ನನಗೊಬ್ಬಳಿಗೇ ರೊಟ್ಟಿ ಬಡಿದು ತರುತ್ತಿದ್ದಳು. ಎದುರಿಗೆ ಕೂತು, ನಾನು ಮೊದಲ ತುತ್ತು ಬಾಯಿಗಿಡುವ ತನಕ ಕಾಯುತ್ತಿದ್ದಳು.

"ಉಪ್ಪ ಬರೋಬರಿ ಐತೇನ್ರಿ?"

ದಿನವೂ ಇದೇ ಪ್ರಶ್ನೆ. ಇಷ್ಟು ವರ್ಷ ನೂರಾರು ಮಕ್ಕಳಿಗೆ ಅಡಿಗೆ ಮಾಡಿದವಳು ಉಪ್ಪಿನ ಬಗ್ಗೆ ಯಾಕೆ ಇಷ್ಟು ಕೇಳುತ್ತಾಳೆ ಎಂದು ಒಂದು ದಿನ ನಾನೇ ಕೇಳಿದೆ.

"ಸಾಲ್ಯಾಗ ಹಾಕ್ತೀನ್ರಿ, ಇಲ್ಲಿ ಯಾರೂ ಅನ್ನೋರಿಲ್ಲ. ಮನ್ಯಾಗ ಒಲಿ ನಮ್ಮಕ್ಕಂದು. ಮದಿವ್ಯಾಗಿ ಬಂದಾಗಿಂದ ಒಂದ ದಿನಾ ನನ್ನ ಮನಸಿನಂಗ ಸಾರಿಗೆ ಉಪ್ಪ ಹಾಕಿಲ್ರಿ ನಾ" ಎಂದಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನೆಗೆಣ್ಣಿ. ಗಂಗವ್ವನ ಗಂಡ ಬಸಪ್ಪ ತಮ್ಮ, ಆತನ ಅಣ್ಣನ ಹೆಂಡತಿ ನೀಲವ್ವ. ಅಣ್ಣತಮ್ಮಂದಿರ ಹೊಲ ಪಾಲಾಗಿತ್ತು, ಮನೆ ಪಾಲಾಗಿರಲಿಲ್ಲ. ಊರ ನಡುವಿನ ಹಳೆಯ ಮಾಳಿಗೆಮನೆಯಲ್ಲಿ ಎರಡೂ ಸಂಸಾರ, ಒಂದೇ ಒಲೆ. ನೀಲವ್ವ ಕೆಟ್ಟವಳೇನಲ್ಲ, ಬಾಯಿ ಸ್ವಲ್ಪ ಜೋರು, ಕೈ ಅದಕ್ಕಿಂತ ಜೋರು, ಒಲೆಯ ಮುಂದೆ ಇನ್ನೊಬ್ಬರು ಕೂತರೆ ಸಹಿಸುತ್ತಿರಲಿಲ್ಲ. ಗಂಗವ್ವ ಹಿಟ್ಟು ನಾದುವುದು, ನೀರು ತರುವುದು, ಮುಸುರೆ ತಿಕ್ಕುವುದು. ಮಕ್ಕಳೆಲ್ಲ ದೊಡ್ಡವರಾಗಿ ಮದುವೆಯಾದ ಮೇಲೂ ಅದೇ ನಡೆದಿತ್ತು.

"ಎರಡ ಖೋಲಿದೊಂದು ಮನಿ ಕಟ್ಕೊಂತೀನ್ರಿ. ಸಾಯೂದರಾಗ ನನ್ನ ಒಲಿ ಮ್ಯಾಲ ನಾ ಅಡಗಿ ಮಾಡಬೇಕು" ಎಂದಳು. ಇದನ್ನು ಬಹಳ ದಿನದಿಂದ ಒಳಗಿಟ್ಟುಕೊಂಡು ಬಂದಿದ್ದಾಳೆ ಎಂಬುದು ಆಕೆಯ ದನಿಯಲ್ಲೇ ತಿಳಿಯಿತು. ಜಾಗವೂ ನಿಶ್ಚಯವಾಗಿತ್ತು. ಅವರ ಪಾಲಿನ ಹೊಲದ ಮೂಲೆ, ರಸ್ತೆಯ ಬಾಜು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂತಾರೆ. ಮಕ್ಕಳ ಮದುವೆ ಮಾಡಿ ಆಗಿತ್ತು, ಇನ್ನು ಇದೊಂದು ಉಳಿದಿತ್ತು.

ಸಾಮಾನ್ಯವಾಗಿ ಗುಂಡಿ ತೋಡುತ್ತೇವೆ ಎಂದರೆ ಹೊಲದವರು ಬೇಡ ಎನ್ನುತ್ತಾರೆ. ಗಂಗವ್ವ ತಾನಾಗಿಯೇ ಕರೆದಳು. "ನಮ್ಮ ಹೊಲದಾಗ ತೋಡ್ರಿ. ರೋಡಿಗೆ ಹತ್ಯೇತಿ, ನಿಮಗೂ ತಿರಗಾಟ ಕಡಿಮಿ." ನನಗೂ ಆ ಜಾಗ ಸರಿಕಂಡಿತು, ಸುತ್ತಲಿನ ನೆಲಕ್ಕೆಲ್ಲ ಮಾದರಿಯಾಗುವಂತಿತ್ತು. ಬಸಪ್ಪನೇ ಗುದ್ದಲಿ ಹಿಡಿದ. ಮಾತು ಕಡಿಮೆಯ ಮನುಷ್ಯ, "ಆಕಿ ಹೆಂಗಂತಾಳ ಹಂಗ್ರಿ" ಎಂಬುದೇ ಆತನ ಹೆಚ್ಚಿನ ಮಾತು. ಒಣಗಿದ ಎರೆ ಕಬ್ಬಿಣದಷ್ಟು ಗಟ್ಟಿ. ಆಳೆತ್ತರ ಇಳಿದರೂ ಕರಿಮಣ್ಣು ಮುಗಿಯಲಿಲ್ಲ, ತಳದ ಗರಸಿನ ಜಲ್ಲಿಮಣ್ಣು ಕಾಣಲಿಲ್ಲ.

ಒಳಗಿಳಿದು ನೋಡಿದೆ. ನನಗೆ ಆ ದಿನ ಆದ ಆಶ್ಚರ್ಯವನ್ನು ಹೇಳಲೇಬೇಕು, ಯಾಕೆಂದರೆ ಆ ಬೇಸಿಗೆಯಲ್ಲಿ ನನಗೆ ಖುಷಿ ಕೊಟ್ಟದ್ದು ಅದೊಂದೇ. ಮೇಲೆ ಬೇಸಾಯದ ಪುಡಿಮಣ್ಣು. ಅದರ ಕೆಳಗೆ ಬಿರುಕುಗಳು ಮೇಲಿಂದ ನೆಟ್ಟಗೆ ಇಳಿದಿದ್ದವು, ಒಳಗೆ ಮೇಲಿನ ಮಣ್ಣು ಉದುರಿ ತುಂಬಿಕೊಂಡಿತ್ತು. ಇನ್ನೂ ಕೆಳಗೆ ಮಣ್ಣು ಓರೆ ಓರೆಯಾಗಿ, ಬೆಣೆಯಾಕಾರದ ಹೆಂಟೆಗಳಾಗಿ ಸೀಳಿತ್ತು. ಒಂದು ಹೆಂಟೆ ಕಿತ್ತರೆ ಅದರ ಮೈ ತಿಕ್ಕಿ ತೊಳೆದ ಕಲ್ಲುಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಮಣ್ಣು ಉಬ್ಬುವಾಗ ಒಂದು ಹೆಂಟೆ ಇನ್ನೊಂದನ್ನು ಉಜ್ಜಿ ಉಜ್ಜಿ ಆದ ನುಣುಪು ಅದು. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ, ಬೆರಳಿಟ್ಟು ಸವರಿದ್ದು ಅದೇ ಮೊದಲು. ಇಂಥ ಮಣ್ಣಿಗೆ ವರ್ಟಿಸಾಲ್ ಎನ್ನುತ್ತೇವೆ. ತನ್ನೊಳಗೆ ತಾನೇ ತಿರುಗುವ ಮಣ್ಣು. ಬೇಸಿಗೆಯಲ್ಲಿ ಮೇಲಿನದು ಬಿರುಕಿಗೆ ಬೀಳುತ್ತದೆ, ಮಳೆಗಾಲದಲ್ಲಿ ಉಬ್ಬಿ ಕೆಳಗಿನದು ಮೇಲಕ್ಕೆ ಒತ್ತಿ ಬರುತ್ತದೆ. ಯಾರೂ ಉಳದಿದ್ದರೂ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ.

ಗಂಗವ್ವ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಸುಣ್ಣದ ಅಂಶ ಇದೆಯೇ ಎಂದು ಗೋಡೆಗೆ ಎರಡು ಹನಿ ಆಸಿಡ್ ಹಾಕಿದೆ. ಬುಸ್ ಎಂದು ನೊರೆ ಎದ್ದಿತು.

"ಅಯ್ಯ ಶಿವನ, ಮಣ್ಣ ಕುದಿಯಾಕತ್ತೈತಲ್ರಿ!" ಎಂದು ಹಿಂದೆ ಸರಿದಳು. ಆಮೇಲೆ ಮೆಲ್ಲಗೆ, "ಇಲ್ಲಿ ಪಾಯಾ ಹಾಕಿದ್ರ ನಿಂದರತೈತೇನ್ರಿ?" ಎಂದು ಕೇಳಿದಳು.

ಗುಂಡಿಗೆ ಜಾಗ ಕೊಟ್ಟದ್ದು ಯಾಕೆಂದು ಆಗ ತಿಳಿಯಿತು. ನನಗೆ ಮನೆ ಕಟ್ಟುವ ವಿದ್ಯೆ ಗೊತ್ತಿಲ್ಲ. ನಾಳೆ ನಮ್ಮ ದೊಡ್ಡ ಸಾಹೇಬರು ಇದೇ ಗುಂಡಿ ನೋಡಲು ಬರುತ್ತಾರೆ, ಅವರು ಈ ಸೀಮೆಯವರೇ, ಅವರನ್ನೇ ಕೇಳು ಎಂದೆ. ಆಕೆ ಹೂಂ ಎಂದು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಸಾಹೇಬರ ಜೀಪಿನ ಜೊತೆಯೇ ನಾನೂ ಗುಂಡಿಯ ಹತ್ತಿರ ಹೋದೆ. ಸೆಗಣಿಯ ವಾಸನೆ ದೂರದಿಂದಲೇ ಬಡಿಯಿತು. ಹತ್ತಿರ ಹೋಗಿ ನೋಡಿದೆ. ಗುಂಡಿಯ ನಾಲ್ಕೂ ಗೋಡೆಗಳನ್ನು ಮಣ್ಣು, ಸೆಗಣಿ ಕಲಸಿ ಒಂದು ಬಿರುಕು ಕಾಣದ ಹಾಗೆ ಮೆತ್ತಿ, ನುಣ್ಣಗೆ ಸಾರಿಸಿದ್ದರು. ತಳವನ್ನೂ ಬಿಟ್ಟಿರಲಿಲ್ಲ. ದಂಡೆಯ ಸುತ್ತ ರಂಗೋಲಿ, ಮೂಲೆಗೆ ಅರಿಷಿಣ ಕುಂಕುಮ. ನಾನು ಗುರುತು ಮಾಡಿಟ್ಟಿದ್ದ ಪದರ, ಹೊಳೆಯುವ ಹೆಂಟೆ, ಬೇರು, ಸುಣ್ಣದ ಹರಳು ಎಲ್ಲ ಒಳಗೆ ಮುಚ್ಚಿಹೋಗಿದ್ದವು. ಗಂಗವ್ವ ತೊಳೆದ ಸೀರೆ ಉಟ್ಟು, ಸೆರಗು ಹೊದ್ದು ಬಾಜು ನಿಂತಿದ್ದಳು. ಆಕೆಗೆ ಅದು ಗುಂಡಿಯಾಗಿರಲಿಲ್ಲ, ತನ್ನ ಮನೆಯ ಮೊದಲ ಗೋಡೆಯಾಗಿತ್ತು. ಹೆಣ್ಣು ನೋಡಲು ಬರುವವರ ಮುಂದೆ ಹರಕು ಸೀರೆಯ ಮಗಳನ್ನು ಯಾರು ನಿಲ್ಲಿಸುತ್ತಾರೆ? ಸಾಹೇಬರು ನೋಡಿ ಹೂಂ ಎನ್ನಬೇಕಲ್ಲ, ಅದಕ್ಕೇ ಬಿರುಕು ಕಾಣದಂತೆ ಮಾಡಿದ್ದಳು.

ಸಾಹೇಬರು ಆ ವರ್ಷವೇ ನಿವೃತ್ತರಾಗುವವರಿದ್ದರು. ನನಗಿಂತ ದಣಿದ ಮನುಷ್ಯ. ಬಯ್ಯುತ್ತಾರೆ ಎಂದುಕೊಂಡೆ. ಅವರು ಟೋಪಿ ತೆಗೆದು, ಗುಂಡಿಯ ಸುತ್ತ ಒಂದು ಸುತ್ತು ಬಂದು ನನ್ನ ಕಡೆ ನೋಡಿದರು.

"ನನ್ನ ಮಣ್ಣ ನೋಡಾಕ ಕರದೀರೋ, ವಾಸ್ತುಶಾಂತಿಗಿ ಕರದೀರೋ?"

ನಾನು ಏನಾಯಿತೆಂದು ಹೇಳಿದೆ. ಅವರು ನಗಲಿಲ್ಲ. ಚಪ್ಪಲಿಯನ್ನು ದಂಡೆಯ ಮೇಲೆ ಬಿಟ್ಟು ಬರಿಗಾಲಲ್ಲಿ ಒಳಗಿಳಿದರು. ಅದನ್ನು ನೋಡಿ ಗಂಗವ್ವನ ಮುಖ ಅರಳಿತು. ಸಾಹೇಬರು ಬಸಪ್ಪನ ಗುದ್ದಲಿಯನ್ನು ತಾವೇ ಇಸಿದುಕೊಂಡು, ಒಂದು ಗೋಡೆಯನ್ನು ಮೇಲಿನಿಂದ ಕೆಳಗಿನ ತನಕ ಒಂದು ಗೇಣು ಒಳಕ್ಕೆ ಕಡಿದರು. ಸಾರಿಸಿದ್ದು ದೊಡ್ಡ ದೊಡ್ಡ ಹಪ್ಪಳವಾಗಿ ಕಳಚಿ ಬಿತ್ತು. ಒಳಗಿನ ಬಿರುಕುಗಳು ಇದ್ದಲ್ಲೇ ಇದ್ದವು. ಗಂಗವ್ವನ ಮುಖವನ್ನು ನೋಡಲು ನನಗಾಗಲಿಲ್ಲ.

"ಬಾ ಇಲ್ಲಿ ತಂಗಿ, ಕೈ ಹಾಕು" ಎಂದು ಸಾಹೇಬರು ಕರೆದರು. ಆಕೆ ಇಳಿದು ಬಿರುಕಿನೊಳಗೆ ಕೈ ಹಾಕಿದಳು. "ಈ ಮಣ್ಣ ಬಂಗಾರ. ಜ್ವಾಳಾ ಹಾಕಿದ್ರ ಜ್ವಾಳಾ, ಕಡ್ಲಿ ಹಾಕಿದ್ರ ಕಡ್ಲಿ. ಒಮ್ಮೆ ಕುಡದ ನೀರನ್ನ ಸುಗ್ಗಿ ತನಕ ಹಿಡಕೊಂಡಿರತೈತಿ. ಆದ್ರ ಮನಿ ಹೊರೂ ಮಣ್ಣಲ್ಲ ಇದು. ಮಳ್ಯಾಗ ಉಬ್ಬತೈತಿ, ಬ್ಯಾಸಗ್ಯಾಗ ಕುಗ್ಗತೈತಿ. ಮ್ಯಾಲ ಗ್ವಾಡಿ ಕಟ್ಟಿದ್ರ ಗ್ವಾಡಿ ಸೀಳತೈತಿ."

"ಸಿಮೆಂಟ್ ಹಾಕಿದ್ರರಿ?"

"ಸಿಮೆಂಟ್ ಹಾಕಿದ ಸಾಲಿ ನೋಡೀಯಿಲ್ಲ?" ಎಂದರು. ಶಾಲೆಯನ್ನು ಊರ ಹೊರಗೆ ಎರೆಯ ಮೇಲೇ ಕಟ್ಟಿದ್ದರು. ನಾನು ಮಲಗುತ್ತಿದ್ದ ಕೋಣೆಯ ಗೋಡೆಯಲ್ಲಿ ಕಿಟಕಿಯಿಂದ ಸೂರಿನ ತನಕ ಒಂದು ಬಿರುಕಿತ್ತು, ಅದರೊಳಗೆ ಒಂದು ಹಲ್ಲಿಯ ಸಂಸಾರವೇ ಇತ್ತು. ಆಳಕ್ಕೆ ಕಂಬ ಇಳಿಸಿ ಕಟ್ಟಬಹುದು ಎಂದೂ ಸಾಹೇಬರು ಹೇಳಿದರು, ಆದರೆ ಅದು ಎರಡು ಖೋಲಿಯ ಮನೆಗೆ ಆಗುವ ಮಾತಲ್ಲ. ನಿಮ್ಮ ಹಿರಿಯರು ಊರನ್ನು ಎರೆ ಬಿಟ್ಟು ಮಡ್ಡಿಯ ಕಲ್ಲುನೆಲದ ಮೇಲೆ ಕಟ್ಟಿದ್ದು ಸುಮ್ಮನೆ ಅಲ್ಲ, ನೀನೂ ಗರಸು ಹತ್ತಿರ ಇರುವ ಕಡೆ ನೋಡು ಎಂದು ಹೇಳಿ ಜೀಪು ಹತ್ತಿದರು.

ಆ ದಿನ ಗಂಗವ್ವ ಊಟ ತಂದಿಟ್ಟಳು, ಉಪ್ಪಿನ ವಿಚಾರ ಕೇಳಲಿಲ್ಲ. ಬಾಗಿಲ ಬಳಿ ಕೂತು, ಸೆರಗಿನಿಂದ ಬೆವರು ಒರೆಸಿದಳೋ ಕಣ್ಣು ಒರೆಸಿದಳೋ. ನನಗೆ ನಿಜವಾಗಿ ದುಃಖವಾಯಿತು. ಇಷ್ಟು ವರ್ಷ ನನ್ನ ಗುಂಡಿಗಳಿಂದ ಯಾರಿಗೂ ಏನೂ ಆಗಿರಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಮೊದಲ ಸಲ ಒಬ್ಬರಿಗೆ ಸಂಬಂಧಪಟ್ಟ ಸುದ್ದಿ ಹೇಳಿದ್ದು, ಅದೂ ಇಂಥದ್ದು.

ಅಂದಿನಿಂದ ಸಂಜೆಯ ತಂಪಿನಲ್ಲಿ ನಾನೂ ಗಂಗವ್ವನೂ ಮಣ್ಣಿನ ಬೈರಿಗೆ ಹಿಡಿದು ಅವರ ಹೊಲ ಸುತ್ತಿದೆವು. ಇಬ್ಬರು ಹಿಡಿದು ತಿರುಗಿಸುವ, ನೆಲ ಕೊರೆಯುವ ಕಬ್ಬಿಣದ ಸಲಾಕೆ ಅದು. ದಿನದ ಕೆಲಸ ಮುಗಿಸಿ ಬಂದ ತೋಳು ನೋಯುತ್ತಿತ್ತು, ಯಾಕಾದರೂ ಒಪ್ಪಿಕೊಂಡೆನೋ ಎನಿಸುತ್ತಿತ್ತು. ಆದರೆ ಮಳೆ ಬಿದ್ದರೆ ಎರೆ ಅಂಟುಅಂಟಾಗಿ ಬೈರಿಗೆ ಕಚ್ಚಿಕೊಳ್ಳುತ್ತದೆ, ಅಷ್ಟರೊಳಗೆ ಮುಗಿಸಬೇಕಿತ್ತು. ಎಲ್ಲಿ ಕೊರೆದರೂ ಕರಿಮಣ್ಣು. ಬದುವಿನ ಹತ್ತಿರ, ಹಳ್ಳದ ಕಡೆ, ಬೇವಿನ ಗಿಡದ ಬುಡ, ಎಲ್ಲ ಕಡೆ ಅದೇ ಕರಿಮಣ್ಣು. ಬೇರೆಯವರು ಕೇಳಿದ್ದರೆ ಎಂಥ ಅದೃಷ್ಟ ಎನ್ನುತ್ತಿದ್ದರು. ಗಂಗವ್ವ ಒಂದೊಂದು ತೂತಿಗೂ ಸಣ್ಣಗಾಗುತ್ತಿದ್ದಳು.

ಕೊನೆಗೆ ಬದು ದಾಟಿ, ಆಚೆ ಹೊಲದ ಏರಿನಲ್ಲಿ ಬೈರಿಗೆ ಊರಿದೆವು. ಮೊಣಕೈ ಆಳಕ್ಕೇ ಖಣ್ ಎಂದಿತು. ಗರಸು, ಅದರ ಕೆಳಗೆ ಗಟ್ಟಿ ಬಂಡೆ. ಹುಲ್ಲೂ ಸರಿಯಾಗಿ ಹುಟ್ಟದ, ಕುರಿಯವರು ಕೂಡ ನಿಲ್ಲದ ಮಡ್ಡಿಯ ತುಣುಕು. ಮನೆಗೆ ಅದಕ್ಕಿಂತ ಒಳ್ಳೆಯ ನೆಲ ಇಲ್ಲ. ನನಗೆ ಖುಷಿಯಾಗಿ ಗಂಗವ್ವನ ಮುಖ ನೋಡಿದೆ. ಆಕೆ ಬೈರಿಗೆಯ ಹಿಡಿ ಬಿಟ್ಟು ಅಲ್ಲೇ ಕೂತುಬಿಟ್ಟಳು.

"ಇದು ನಮ್ಮಕ್ಕನ ಪಾಲಿಂದ್ರಿ" ಎಂದಳು.

ಮಣ್ಣಿಗೆ ಅಣ್ಣತಮ್ಮಂದಿರ ಪಾಲು ಗೊತ್ತಿಲ್ಲ. ಆದರೆ ಗಂಗವ್ವ ಅಷ್ಟಕ್ಕೇ ಬಿಡುವವಳಲ್ಲ. ರಸ್ತೆಯ ಬಾಜಿನ ಎರೆಯ ಮೂಲೆಯನ್ನು ನೀಲವ್ವನಿಗೆ ಕೊಟ್ಟು, ಬದಲಿಗೆ ಆ ಮಡ್ಡಿಯನ್ನು ಇಸಿದುಕೊಳ್ಳುವುದೆಂದು ನಿಶ್ಚಯಿಸಿದಳು. ಮನೆಯ ಮಾತು ಮಾತ್ರ ಎತ್ತಬಾರದು. ಒಲೆ ಬೇರೆಯಾಗುತ್ತದೆ ಎಂದು ಗೊತ್ತಾದರೆ ಅಕ್ಕ ಕೊಡುವುದಿಲ್ಲ ಎಂಬುದು ಆಕೆಯ ಲೆಕ್ಕ. ಕೇಳಿದ ಮಾರನೆಯ ದಿನವೇ ನೀಲವ್ವ ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದಳು. ಬೆಳ್ಳಗಿನ ತೆಳ್ಳಗಿನ ಹೆಂಗಸು, ಬಾಯಲ್ಲಿ ಎಲೆಅಡಿಕೆ.

"ಏನ್ರಿ ಬಾಯಾರ, ನನ್ನ ಮಡ್ಡಿಯೊಳಗ ಏನ್ ಹುಗದೈತಿ? ಕೊಪ್ಪರಿಗಿ ಏನರೆ ಸಿಕ್ಕೈತೇನು?"

ಗರಸು ಇದೆ, ಅದರ ಕೆಳಗೆ ಬಂಡೆ ಇದೆ ಎಂದೆ. ಆಕೆ ನಂಬಲಿಲ್ಲ. "ಎರಿ ಕೊಟ್ಟು ಕಲ್ಲ ಇಸಗೊಳ್ಳೂ ಹುಚ್ಚಿ ಯಾರ್ರಿ? ನಡೀರಿ, ನನಗ ತೋರಸ್ರಿ" ಎಂದು ಎಬ್ಬಿಸಿದಳು. ಹೋಗಿ ಬೈರಿಗೆ ಊರಿ ತೋರಿಸಿದೆ. ತಾನೇ ಹಿಡಿ ಹಿಡಿದು ಏಳೆಂಟು ಕಡೆ ತಿರುಗಿಸಿದಳು. ಎಲ್ಲ ಕಡೆ ಖಣ್ ಎಂದಿತು. ಕೊನೆಗೆ ಕೈ ಝಾಡಿಸಿಕೊಂಡು, "ಆತ್ ಬಿಡ್ರಿ, ಗುಡ್ಡಾ ಅಗದು ಇಲಿ ಹಿಡದಂಗಾತು" ಎಂದು ನಕ್ಕಳು. ನೆಗೆಣ್ಣಿಗೆ ಬುದ್ಧಿ ಕಡಿಮೆ ಎಂದು ತೀರ್ಮಾನವಾದ ಮೇಲೆ ಆಕೆಗೆ ನಿರಾಳವಾಯಿತು. ಹಿರಿಯರ ಎದುರಿಗೆ ಅದಲುಬದಲು ಮಾತಾಯಿತು, ಗಡಿಯ ಬಾಂದಗಲ್ಲು ಕಿತ್ತು ಹೊಸ ಜಾಗಕ್ಕೆ ನೆಟ್ಟರು. ಆ ಸಂಜೆ ಇಬ್ಬರು ಹೆಂಗಸರೂ ಗೆದ್ದವರ ಹಾಗೆ ಓಡಾಡಿದರು. ನಾನು ಜ್ವರ ಬಂದು ಮಲಗಿದೆ.

ಮಳೆ ಬಂದದ್ದು ಆ ವಾರವೇ. ಎರೆಗೆ ಮೊದಲ ಮಳೆ ಬಿದ್ದರೆ ಬಿರುಕು ಕೂಡಲೇ ಮುಚ್ಚುವುದಿಲ್ಲ, ಮೊದಲು ಕುಡಿಯುತ್ತದೆ. ಗಳಗಳ ಸದ್ದು ಕೇಳುತ್ತದೆ. ಮಳೆ ನಿಂತ ಮೇಲೆ ಹೋಗಿ ನೋಡಿದರೆ ನಮ್ಮ ಗುಂಡಿಯ ಗೋಡೆಗಳು ಕುಸಿದು, ಸಾರಿಸಿದ್ದೂ ಕಡಿದದ್ದೂ ಒಂದೇ ಆಗಿ ಕರಿ ರಾಡಿಯಾಗಿತ್ತು. ಕಾಲಿಟ್ಟರೆ ಚಪ್ಪಲಿ ಹೆಜ್ಜೆಹೆಜ್ಜೆಗೂ ದಪ್ಪವಾಗುತ್ತ ಬಂತು. ಬೇಸಿಗೆಯಲ್ಲಿ ಕೈ ನುಂಗುತ್ತಿದ್ದ ನೆಲ ಒಂದು ಗೆರೆಯಿಲ್ಲದೆ ಮುಚ್ಚಿಕೊಂಡಿತ್ತು. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಗಂಗವ್ವ ರೊಟ್ಟಿ ಗಂಟು ಕಟ್ಟಿ ಬಸ್ಸು ಹತ್ತಿಸಿದಳು, ಮನೆ ಆದ ಮೇಲೆ ಬರಲೇಬೇಕು ಎಂದಳು. ಬರುತ್ತೇನೆ ಎಂದೆ, ಆಮೇಲೆ ಹೋಗಲಾಗಲಿಲ್ಲ. ಒಂದಾದ ಮೇಲೊಂದು ಊರು, ಒಂದಾದ ಮೇಲೊಂದು ಗುಂಡಿ.

ಕಳೆದ ತಿಂಗಳು ಆ ವಾಸನೆ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಭಾನುವಾರ ಹುಬ್ಬಳ್ಳಿಗೆ ಹೋಗಿ ನವಲಗುಂದದ ಬಸ್ಸು ಹಿಡಿದೆ. ಮಡ್ಡಿಯ ಮೇಲೆ ಮನೆ ದೂರದಿಂದಲೇ ಕಂಡಿತು. ಎರಡು ಖೋಲಿ, ಮುಂದೊಂದು ಕಟ್ಟೆ. ಅಭ್ಯಾಸದ ಬಲದಿಂದ ಮೊದಲು ಗೋಡೆ ನೋಡಿದೆ, ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ. ಗಂಗವ್ವನ ತಲೆ ಬೆಳ್ಳಗಾಗಿತ್ತು. ನನ್ನನ್ನು ಕೂರಿಸಿ ಬಿಸಿ ರೊಟ್ಟಿ, ಸಾರು ಬಡಿಸಿದಳು. ಸಾರಿಗೆ ಉಪ್ಪು ತುಸು ಹೆಚ್ಚೇ ಆಗಿತ್ತು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ಊಟವಾದ ಮೇಲೆ ಕಟ್ಟೆಗೆ ಬಂದು ಕೂತೆವು. ಅಂಗಳದಲ್ಲಿ ಒಂದು ತುಳಸಿಯ ಕುಂಡ, ಅದರಲ್ಲಿ ಒಣಕಡ್ಡಿ.

"ಎಲ್ಲಾ ಆತ್ರಿ. ಒಂದು ತುಳಸಿ ಹತ್ತವಲ್ದು. ಈ ಗರಸಿನ್ಯಾಗ ನೀರ ನಿಂದರಂಗಿಲ್ಲ. ವರ್ಷಾ ಹಚ್ಚೂದು, ವರ್ಷಾ ಒಣಗೂದು" ಎಂದಳು.

ಒಂದು ಬುಟ್ಟಿ ಎರೆಮಣ್ಣು ತಂದು ಹಾಕಬಾರದೇ ಎಂದೆ. ಗಂಗವ್ವ ಕೆಳಗೆ ರಸ್ತೆಯ ಕಡೆ ನೋಡಿದಳು. ಒಮ್ಮೆ ತನ್ನದಾಗಿದ್ದ, ಈಗ ನೀಲವ್ವನದಾದ ಆ ಮೂಲೆಯಲ್ಲಿ ಹೆಸರುಕಾಳಿನ ಪೈರು ಸೊಗಸಾಗಿ ಎದ್ದಿತ್ತು. ಪಾಯ ತೋಡಿದ ದಿನದಿಂದ ಇಬ್ಬರಿಗೂ ಮಾತಿಲ್ಲವಂತೆ. ಗಂಡಸರು ಮಾತಾಡುತ್ತಾರೆ, ಹೆಂಗಸರು ಮುಖ ತಿರುಗಿಸಿಕೊಳ್ಳುತ್ತಾರೆ. ಬಸಪ್ಪನನ್ನು ಕಳಿಸಿದರೂ ತಾನೇ ಬೇಡಿದ ಹಾಗೆ ಎಂದಳು. "ನೀವ ತರ್ರಿ ಬಾಯಾರ. ತಪಾಸಣಾಕ ಬೇಕಾಗೇತಿ ಅನ್ರಿ, ನಿಮಗ ಇಲ್ಲ ಅನ್ನಂಗಿಲ್ಲ" ಎಂದಳು.

ಮೊಣಕಾಲು ಬೇಡ ಎನ್ನುತ್ತಿದ್ದರೂ ಇಳಿದು ಹೋದೆ. ನೀಲವ್ವ ಹೊಲದಲ್ಲಿ ಕಸ ಕೀಳುತ್ತಿದ್ದಳು, ನನ್ನನ್ನು ನೋಡಿ ಎದ್ದು ನಿಂತಳು. ಬಹಳ ಸೊರಗಿದ್ದಳು. ನಾನು ಕೈಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು, ತಪಾಸಣೆಗೆ ಸ್ವಲ್ಪ ಮಣ್ಣು ಬೇಕಿತ್ತು ಎಂದೆ. ಆಕೆ ನನ್ನ ಮುಖ ನೋಡಿದಳು, ಮಡ್ಡಿಯ ಕಡೆ ನೋಡಿದಳು.

"ತುಳಸಿಗೆ ಹೌದಿಲ್ರಿ?"

ನಾನು ಕವರಿನ ಬಾಯಿ ಬಿಚ್ಚತೊಡಗಿದೆ.

"ಮನಿ ಕಟ್ತೀನಿ ಅಕ್ಕಾ ಅಂದಿದ್ರ ಒಲ್ಲೆ ಅಂತಿದ್ನೇನ್ರಿ ನಾ? ಮಡ್ಡಿ ಕೇಳಿದ್ಲು, ಕೊಟ್ಟೆ. ಪಾಯಾ ತೋಡೂ ದಿನಾ ಊರ ಮಂದಿ ಬಾಯಿಲೆ ಕೇಳಿದ್ನಿ. ಆಕಿ ಹ್ವಾದ ಮ್ಯಾಲ ಒಲಿ ಮುಂದ ಒಬ್ಬಾಕೀನ ಕುಂತಿರತೀನಿ. ಯಾರಿಗೆ ಬೈಲಿ ಹೇಳ್ರಿ?" ಎಂದಳು. ಆಕೆಯ ಕಣ್ಣು ತುಂಬಿತ್ತು. ನನ್ನ ಕವರನ್ನು ಕಿತ್ತು ಬಿಸಾಕಿ, ಬದುವಿನ ಮೇಲಿದ್ದ ಬುಟ್ಟಿ ತಂದಳು. ಕೈಯಿಂದಲೇ ಹಸಿ ಎರೆ ತೋಡಿ ತೋಡಿ ತುಂಬಿದಳು, ತುಂಬಿದ ಮೇಲೂ ಎರಡು ಹಿಡಿ ಹಾಕಿದಳು. ಸಿಂಬಿ ಸುತ್ತಿ ತಲೆ ಮೇಲಿಟ್ಟುಕೊಂಡು ಏರು ಹತ್ತತೊಡಗಿದಳು. ನಾನು ಏದುಸಿರು ಬಿಡುತ್ತ ಹಿಂದೆ ಹಿಂದೆ ನಡೆದೆ.

ಬಾಂದಗಲ್ಲಿನ ಹತ್ತಿರ ಬಂದು ಬುಟ್ಟಿ ಇಳಿಸಿದಳು. "ಇಲ್ಲಿಂದ ಮುಂದ ನನ್ನ ಪಾಲಲ್ರಿ. ಒಯ್ರಿ ನೀವು" ಎಂದಳು. ನಾನು ಬಗ್ಗಿ ಎತ್ತಲು ನೋಡಿದೆ, ಬುಟ್ಟಿ ಅಲುಗಲಿಲ್ಲ. ಹಸಿ ಎರೆಯ ಭಾರ ಎತ್ತಿದವರಿಗೇ ಗೊತ್ತು. ನನ್ನ ಸೊಂಟ ಹಿಡಿದುಕೊಂಡಿತು. ಒಂದು ಗಳಿಗೆ ನಾನು, ಬುಟ್ಟಿ, ನೀಲವ್ವ ಹಾಗೇ ನಿಂತಿದ್ದೆವು. ಮೇಲೆ ಗಂಗವ್ವ ಕಟ್ಟೆಯಿಂದ ಎದ್ದು ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು, ಕೈಯಲ್ಲಿ ತಾಟು, ತಾಟಿನಲ್ಲಿ ಮೂರು ಕಪ್ಪು.

"ಬಾಯಾರ, ಚಾ ಆರತೈತಿ ಅಂತ ಹೇಳ್ರಿ ಆಕಿಗೆ" ಎಂದು ಅಲ್ಲಿಂದಲೇ ಕೂಗಿದಳು.

ಹೇಳಲು ನಾನು ಈ ಕಡೆ ತಿರುಗಿದೆ. ನೀಲವ್ವ ಬುಟ್ಟಿಯನ್ನು ಮತ್ತೆ ತಲೆಗೇರಿಸಿಕೊಂಡು ಕಲ್ಲು ದಾಟಿ ಆಗಿತ್ತು.